ಸಾವ್ಕಾರರ ಕಾರಿನ ಮೇಲೆ ಬಿದ್ದ ಬೇವು

ಆಗ ರಾಯಚೂರಿನಲ್ಲಿ ಸ್ವಂತ ಕಾರು ಇಟ್ಟವರನ್ನು ಬೆರಳಿನಲ್ಲಿ ಎಣಿಸಬಹುದಿತ್ತು. ಅಂಥ ಒಂದು ಕಾರನ್ನು ನಾನು ಓಡಿಸುತ್ತಿದ್ದೆ. ಓಡಿಸುತ್ತಿದ್ದೆ ಎನ್ನುವುದು ಬಡಾಯಿ, ನಿಜ ಹೇಳಬೇಕೆಂದರೆ ಅದಕ್ಕೆ ಅಡುಗೆ ಮಾಡಿ ಹಾಕುತ್ತಿದ್ದೆ. ಎರಡನೆಯ ಮಹಾಯುದ್ಧ ಶುರುವಾದ ಮೇಲೆ ಪೆಟ್ರೋಲು ಚೀಟಿಗೆ ಮಾತ್ರ ಸಿಗುವಂತಾಯಿತು. ಆಮೇಲೆ ಚೀಟಿ ಹಿಡಿದು ನಿಂತರೂ ಸಿಗದಂತಾಯಿತು. ಆಗ ನಮ್ಮ ಸಾವ್ಕಾರರು ಕಾರಿನ ಹಿಂದೆ ಇದ್ದಲಿ ಸುಡುವ ಒಂದು ದೊಡ್ಡ ಕಬ್ಬಿಣದ ಪೀಪಾಯಿ ಕಟ್ಟಿಸಿದರು. ಆ ಇದ್ದಲಿಯ ಹೊಗೆಯಲ್ಲಿ ಇಂಜಿನ್ನು ನಡೆಯುತ್ತಿತ್ತು. ನಡೆಯುತ್ತಿತ್ತು ಎಂದರೆ, ಮನಸ್ಸಿದ್ದರೆ ನಡೆಯುತ್ತಿತ್ತು.

ಬೆಳಿಗ್ಗೆ ಎದ್ದು ಪೀಪಾಯಿಗೆ ಇದ್ದಲಿ ತುಂಬಬೇಕು, ಕೆಳಗಿನ ಬಾಗಿಲಿನಿಂದ ಬೆಂಕಿ ಹಚ್ಚಬೇಕು, ಕೈಯಿಂದ ತಿರುಗಿಸುವ ಫ್ಯಾನನ್ನು ರಟ್ಟೆ ಬೀಳುವ ತನಕ ತಿರುವಬೇಕು. ಅರ್ಧ ತಾಸು ತಿರುವಿದ ಮೇಲೆ ಹೊಗೆಗೆ ಕಸುವು ಬಂದರೆ ಬಂತು. ದಾರಿಯಲ್ಲಿ ಏರು ಸಿಕ್ಕರೆ ಕುಳಿತವರು ಇಳಿದು ನಡೆಯಬೇಕು. ಊರು ಮುಟ್ಟಿದ ಕೂಡಲೇ ಪೀಪಾಯಿಯ ತಳ ಕೆದರಿ ಬೂದಿ ತೆಗೆಯಬೇಕು, ಇಲ್ಲವಾದರೆ ವಾಪಸು ಬರುವಾಗ ಅರ್ಧ ದಾರಿಯಲ್ಲೇ ಉಸಿರು ಕಟ್ಟಿ ನಿಲ್ಲುತ್ತದೆ. ನನಗಾಗ ಮೂವತ್ತೂ ದಾಟಿರಲಿಲ್ಲ. ಆದರೂ ರಾತ್ರಿ ಮನೆಗೆ ಹೋಗಿ ಊಟಕ್ಕೆ ಕೂತರೆ ತುತ್ತು ಎತ್ತಲು ತೋಳು ಬರುತ್ತಿರಲಿಲ್ಲ. ಹೆಂಡತಿ ನನ್ನನ್ನು ನೋಡಿ, ನೀವು ಮೋಟಾರು ನಡೆಸುತ್ತೀರೋ ಕುಲುಮೆ ಊದುತ್ತೀರೋ ಎಂದು ಕೇಳುತ್ತಿದ್ದಳು.

ಸಾವ್ಕಾರರದು ಹತ್ತಿ ಗಿರಣಿ, ಸ್ಟೇಶನ್ನಿನ ಆಚೆಗೆ. ಬೀಜ ಬೇರೆ, ಅರಳೆ ಬೇರೆ ಮಾಡಿ ಗಂಟು ಕಟ್ಟಿ ಗಾಡಿಗೆ ಹಾಕುವ ಕೆಲಸ. ಸುಗ್ಗಿಯಲ್ಲಿ ಅವರು ಒಂದು ದಿನ ಮಾನ್ವಿಗೆ, ಇನ್ನೊಂದು ದಿನ ದೇವದುರ್ಗಕ್ಕೆ ಹತ್ತಿ ನೋಡಲು ಹೋಗುತ್ತಿದ್ದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಬೆಳ್ಳಿ ಕಟ್ಟಿನ ಬೆತ್ತದ ಕೋಲು. ಕೆಟ್ಟವರಲ್ಲ. ಯಾರ ಮೇಲೂ ಕೈಯೆತ್ತಿದ್ದನ್ನು ನಾನು ನೋಡಿಲ್ಲ. ಅವರ ಉಪ್ಪು ತಿಂದವನು ಎಂದು ಈ ಮಾತು ಹೇಳುತ್ತಿಲ್ಲ. ಮುಂದೆ ಹೇಳುವುದನ್ನು ಕೇಳಿ ಯಾರಾದರೂ ಅವರನ್ನು ರಾಕ್ಷಸ ಅಂದುಕೊಂಡರೆ ನಾನು ಸುಲಭವಾಗಿ ಪಾರಾಗಿಬಿಡುತ್ತೇನೆ, ಅದಕ್ಕೆ ಹೇಳುತ್ತಿದ್ದೇನೆ.

ದೇವದುರ್ಗದಲ್ಲಿ ಅವರ ಪರವಾಗಿ ಹತ್ತಿ ಕೊಳ್ಳುವ ಒಬ್ಬ ಅಡತಿ ವ್ಯಾಪಾರಿ ಇದ್ದ. ಅವನ ಅಂಗಳದ ತುಂಬ ಹತ್ತಿಯ ರಾಶಿ. ಹೊಟ್ಟೆಯಲ್ಲಿ ಬೆಂಕಿ ಇಟ್ಟುಕೊಂಡ ಕಾರನ್ನು ಹತ್ತಿಯ ಹತ್ತಿರ ತರುವ ಹಾಗಿರಲಿಲ್ಲ. ಸಾವ್ಕಾರರು ಅಲ್ಲಿ ಇಳಿದು, “ಹೋಗು, ದೂರ ನಿಲ್ಲಿಸು” ಎನ್ನುತ್ತಿದ್ದರು. ದೂರ ಎಂದರೆ ಕೂಲಿಯವರ ಓಣಿಯ ಬಾಯಿಗೆ ಇದ್ದ ಒಂದು ಕಟ್ಟೆ. ಕಟ್ಟೆಯ ಮೇಲೆ ಒಂದು ಅರಳಿ, ಒಂದು ಬೇವು. ನಮ್ಮ ಕಡೆ ಊರೂರಿಗೆ ಇರುವಂತೆ ಅವೆರಡಕ್ಕೂ ಶಾಸ್ತ್ರೋಕ್ತವಾಗಿ ಮದುವೆಯಾಗಿತ್ತು, ಅರಳಿ ಗಂಡ, ಬೇವು ಹೆಂಡತಿ. ನೆರಳು ಚೆನ್ನಾಗಿತ್ತು. ಕಟ್ಟೆಯ ಹಿಂಬದಿಯಲ್ಲಿ ಎರಡು ಚಪ್ಪಡಿ ಜಾರಿ ಬೇವಿನ ಬುಡದ ಹತ್ತಿರ ಒಂದು ತಗ್ಗು ಬಿದ್ದಿತ್ತು. ಅಲ್ಲಿ ಗಾಳಿ ಆಡುತ್ತಿರಲಿಲ್ಲ. ಓಣಿಯ ಮನೆಗಳಿಗೆಲ್ಲ ಹುಲ್ಲಿನ ಸೂರು, ಕಿಡಿ ಹಾರಿದರೆ ಕಥೆ ಮುಗಿದಂತೆ. ಹೀಗಾಗಿ ಪೀಪಾಯಿಯ ಬೂದಿಯನ್ನು ನಾನು ಆ ತಗ್ಗಿಗೆ ಎಳೆಯತೊಡಗಿದೆ.

ಮೊದಲ ಸಲ ಎಳೆದಾಗಲೇ ಒಬ್ಬ ಮುದುಕಿ ಗುಡಿಸಲಿನಿಂದ ಹೊರಗೆ ಬಂದು ನಿಂತಳು. ಬೈಯುತ್ತಾಳೆ ಎಂದುಕೊಂಡೆ. ಅವಳು ಬಗ್ಗಿ ಬೂದಿ ನೋಡಿದಳು.

“ಹಾಕು ಯಪ್ಪಾ, ಇಲ್ಲೇ ಹಾಕು” ಅಂದಳು. “ಬುಡಕ್ಕ ಗೆದ್ದಲ ಹತ್ತ್ಯಾವ. ಬೂದಿ ಬಿದ್ರ ಹೋಗ್ತಾವ.”

“ಬೂದಿ ಅಷ್ಟ ಅಲ್ಲಬೇ ಯವ್ವಾ, ಒಳಗ ಕೆಂಡ ಅದಾವ.”

“ನಾ ನೀರ ಹಾಕ್ತೀನಿ” ಎಂದು ಒಳಗೆ ಹೋಗಿ ಒಂದು ಕೊಡ ತಂದು ಸುರಿದಳು. ಚುಸ್ ಎಂದು ಉಗಿ ಎದ್ದಿತು. ಅವಳು ಸೆರಗಿನಿಂದ ಮುಖ ಮುಚ್ಚಿಕೊಂಡು ಹಿಂದೆ ಸರಿದು, ಬೇವಿನ ಬೊಡ್ಡೆಯನ್ನು ಒಮ್ಮೆ ಸವರಿದಳು.

ಆ ಬೇವು ಅವಳದೇ. ಅವಳ ತವರು ಮಾನ್ವಿ ತಾಲೂಕಿನ ಚೀಕಲಪರ್ವಿ, ತುಂಗಭದ್ರೆಯ ದಂಡೆ. ಮದುವೆಯಾಗಿ ಬಂದು ಬಹಳ ವರ್ಷ ಮಕ್ಕಳಾಗದೆ ಹೋದಾಗ ಯಾರೋ ಹೇಳಿದರಂತೆ, ಒಂಟಿ ಅರಳಿಗೆ ಒಂದು ಹೆಣ್ಣು ಕೊಟ್ಟು ಮದುವೆ ಮಾಡು ಎಂದು. ತವರಿನ ಹೊಲದ ಬದುವಿನಿಂದ ಗೇಣುದ್ದದ ಬೇವಿನ ಸಸಿ ಕಿತ್ತು ತಲೆಯ ಮೇಲೆ ಹೊತ್ತುಕೊಂಡು ಬಂದು ನೆಟ್ಟಳು. ಅದು ಎದೆಯುದ್ದ ಬೆಳೆದ ಮೇಲೆ ತಾಳಿ ಕಟ್ಟಿಸಿ, ಇದ್ದುದರಲ್ಲೇ ಓಣಿಗೆ ಊಟ ಹಾಕಿಸಿದಳು. ಮಕ್ಕಳಂತೂ ಆಗಲಿಲ್ಲ. ಗಂಡನೂ ಹೋದ. ಮಗಳು ಅಂತ ಉಳಿದದ್ದು ಬೇವು. ಇದನ್ನೆಲ್ಲ ಅವಳು ನನಗೆ ಒಂದೇ ದಿನ ಹೇಳಲಿಲ್ಲ, ನಾನು ಫ್ಯಾನು ತಿರುವುವಾಗ ಎದುರಿಗೆ ಕೂತು ಕಾಳು ಹಸನು ಮಾಡುತ್ತ ಸ್ವಲ್ಪ ಸ್ವಲ್ಪ ಹೇಳಿದಳು. ಒಳ್ಳೆಯ ಹೊತ್ತು ಹೋಗುತ್ತಿತ್ತು. ಅವಳ ಜೊತೆ ಕೂತ ದಿನ ತೋಳು ಅಷ್ಟು ನೋಯುತ್ತಿರಲಿಲ್ಲ ಎಂದು ಈಗ ಅನಿಸುತ್ತದೆ.

ಆದರೆ ಅವಳು ದಿನವೂ ಮನೆಯಲ್ಲಿರುವವಳಲ್ಲ. ಕೂಲಿ ಸಿಕ್ಕ ದಿನ ಹೊಲಕ್ಕೆ ಹೋಗುತ್ತಿದ್ದಳು. ಅಂಥ ದಿನ ನೀರು ತರುವ ಕೆಲಸ ನನ್ನದು. ಬಾವಿ ದೂರ ಏನಿರಲಿಲ್ಲ, ಓಣಿ ದಾಟಿ ಗುಡಿಯ ಹಿಂದೆ. ಒಂದು ಕೊಡ ನೀರು. ಮೊದಮೊದಲು ತಂದೆ. ಆಮೇಲೆ ಅರ್ಧ ಕೊಡ ಸಾಕು ಅನಿಸಿತು. ಆಮೇಲೆ ತರುವುದನ್ನೇ ಬಿಟ್ಟೆ. ಇಪ್ಪತ್ತು ಮೂವತ್ತು ಮೈಲು ಆ ಪೀಪಾಯಿ ಹೊತ್ತು ಬಂದವನಿಗೆ ಇನ್ನೊಂದು ಫರ್ಲಾಂಗು ನಡೆಯುವುದೆಂದರೆ ಸಿಟ್ಟು ಬರುತ್ತಿತ್ತು. ಕೆಂಡದ ಮೇಲೆ ಕಾಲಿನಿಂದ ಒಂದಿಷ್ಟು ಮಣ್ಣು ದೂಡಿ, ಟವೆಲು ಹಾಸಿ ಕಟ್ಟೆಯ ಮೇಲೆ ಮಲಗಿಬಿಡುತ್ತಿದ್ದೆ. ಮಣ್ಣು ಮುಚ್ಚಿದ ಕೆಂಡ ಬೇಗ ಆರುವುದಿಲ್ಲ ಎಂಬುದು ಇದ್ದಲಿಯ ಜೊತೆ ಬದುಕುವ ನನಗೆ ಗೊತ್ತಿಲ್ಲದ ಸಂಗತಿ ಏನಲ್ಲ. ಇದ್ದಲಿ ಮಾಡುವುದೇ ಹಾಗೆ. ಎರಡು ಸುಗ್ಗಿ ಹೀಗೆ ನಡೆಯಿತು.

ಯುಗಾದಿ ಮುಗಿದು ಹದಿನೈದಿಪ್ಪತ್ತು ದಿನವಾಗಿರಬೇಕು. ಮಧ್ಯಾಹ್ನ ಉಂಡು ನಾನು ಅಡತಿಯವನ ಪಡಸಾಲೆಯಲ್ಲಿ ಕೂತಿದ್ದೆ. ಅಂದು ಕಟ್ಟೆಯ ಮೇಲೆ ಮಲಗಲಿಲ್ಲ, ಎಲೆ ಅಲುಗದ ಸೆಖೆಗೆ ನಿದ್ದೆ ಬರುವ ಹಾಗಿರಲಿಲ್ಲ. ಬಡಗಣ ದಿಕ್ಕಿಗೆ, ಕೃಷ್ಣೆಯ ಕಡೆಯಿಂದ, ಕೆಂಪು ಧೂಳಿನ ಗೋಡೆ ಎದ್ದಿತು. ಅಂಗಳದಲ್ಲಿ ಹತ್ತಿ ಮುಚ್ಚಲು ಎಲ್ಲರೂ ಓಡಾಡಿದರು. ಗಾಳಿ ಬಂದ ರಭಸಕ್ಕೆ ಪಡಸಾಲೆಯ ತಗಡು ಹಾರಿ ಬೀದಿಗೆ ಬಿತ್ತು. ಆಲಿಕಲ್ಲು ಉದುರಿದವು. ಕಾಲು ತಾಸೂ ಇರಲಿಲ್ಲ ಆ ಗಾಳಿ. ನಿಂತ ಮೇಲೆ ಓಣಿಯ ಕಡೆಯಿಂದ ಹೆಂಗಸರ ದನಿ ಕೇಳಿಸಿತು. ಸತ್ತವರ ಮನೆಯ ಮುಂದೆ ಏಳುವ ದನಿ ಅದು.

ಹೋಗಿ ನೋಡಿದರೆ ಬೇವು ಬುಡಸಮೇತ ಮಲಗಿತ್ತು, ಕಾರಿನ ಮೇಲೆ. ಸೂರು ತಗ್ಗಿ ಸೀಟಿಗೆ ಹತ್ತಿತ್ತು, ಗಾಜು ಪುಡಿ, ಮುಂದಿನ ಮೂಗು ಮುರಿದಿತ್ತು. ಪೀಪಾಯಿಗೆ ಮಾತ್ರ ಏನೂ ಆಗಿರಲಿಲ್ಲ. ಅರಳಿ ಹಾಗೇ ನಿಂತಿತ್ತು. ಮುದುಕಿ ಬೇವಿನ ರೆಂಬೆಗಳ ನಡುವೆ ಕೂತು ಎದೆ ಬಡಿದುಕೊಳ್ಳುತ್ತಿದ್ದಳು. ಸುತ್ತ ನಿಂತ ಹೆಂಗಸರು ಅವಳಿಗೆ ಸಮಾಧಾನ ಹೇಳುತ್ತಿದ್ದರು. “ಪುಣ್ಯವಂತಿ ಬಿಡಬೇ, ಗಂಡನ ಮುಂದ ಮುತ್ತೈದಿ ಆಗಿ ಹೋದ್ಲು” ಎಂದು ಒಬ್ಬಳು ಅಂದಳು. ಉಳಿದವರು ಹೌದೆಂದು ತಲೆಯಾಡಿಸಿದರು. ಸಾವ್ಕಾರರ ಕಾರಿನ ಕಡೆ ಯಾರೂ ನೋಡಲಿಲ್ಲ.

ಸಾವ್ಕಾರರು ಬಂದರು. ಕೊಡಲಿ ತಂದು ಕಡಿದು ಕಾರು ಹೊರಗೆ ತೆಗೆಯಿರಿ ಅಂದರು. ಹತ್ತು ಜನ ಗಂಡಸರು ನಿಂತಿದ್ದರು, ಒಬ್ಬನೂ ಕದಲಲಿಲ್ಲ. ಮದುವೆಯಾದ ಮರಕ್ಕೆ ಕೊಡಲಿ ಹಾಕುವುದುಂಟೇ. ಎರಡು ಪಟ್ಟು ಕೂಲಿ ಕೊಡುತ್ತೇನೆಂದರೂ ಆಗಲಿಲ್ಲ. ಕೊನೆಗೆ ಊರಿನ ಗೌಡರು ಬಂದು ವಿವರಿಸಿದರು, ಹೆಣ್ಣಿನ ಕಡೆಯವರು ಉಡಿ ತುಂಬಿ ಕಳಿಸಿಕೊಡಬೇಕು, ಆಮೇಲೆಯೇ ಮುಟ್ಟುವುದು ಎಂದು. ಹೆಣ್ಣಿನ ಕಡೆಯವರು ಅಂದರೆ ಆ ಮುದುಕಿ. ಆದರೆ ಅವಳು ವಿಧವೆ, ಉಡಿ ತುಂಬುವ ಹಾಗಿಲ್ಲ. ಮರುದಿನ ಬೆಳಿಗ್ಗೆ ಪಕ್ಕದ ಮನೆಯ ಮುತ್ತೈದೆ ಒಬ್ಬಳು ಬೇವಿನ ಕೊಂಬೆಗೆ ಹಸಿರು ಕುಬಸದ ಖಣ ಕಟ್ಟಿ, ಜೋಳ, ಅರಿಷಿಣಕೊಂಬು, ಉತ್ತತ್ತಿ ಇಟ್ಟು ಉಡಿ ತುಂಬಿದಳು. ಮುದುಕಿ ನಾಲ್ಕು ಹೆಜ್ಜೆ ದೂರದಲ್ಲಿ ನಿಂತು ನೋಡಿದಳು. ಅತ್ತೆಮನೆಗೆ ಹೋಗುವ ಮಗಳಿಗೆ ಹೇಳುವಂತೆ, “ಹೋಗಿ ಬಾ ನನ್ನವ್ವಾ” ಅಂದಳು. ಆಮೇಲೆ ಕೊಡಲಿ ಬಿತ್ತು.

ಬೊಡ್ಡೆಯನ್ನು ಉರುಳಿಸಿದಾಗ ನಾನು ಬುಡದ ಹತ್ತಿರ ಇದ್ದೆ. ಮೇಲೆ ನೋಡಿದರೆ ಗಟ್ಟಿ ಮರ. ಒಳಗೆ ಹೊಟ್ಟೆಯೇ ಇರಲಿಲ್ಲ. ಕಟ್ಟೆಯ ಕಡೆಯ ಮೂರು ದಪ್ಪ ಬೇರು ಕಪ್ಪಗೆ ಇದ್ದಲಿಯಾಗಿದ್ದವು, ಬುಡದ ಅರ್ಧ ತಿರುಳು ಸುಟ್ಟು ಟೊಳ್ಳಾಗಿತ್ತು. ಕೈಯಿಟ್ಟು ನೋಡಿದೆ. ಒಳಗೆ ಬೆಚ್ಚಗಿತ್ತು. ಹಿಂದಿನ ದಿನ ಹಾಕಿದ ಕೆಂಡ ಅಷ್ಟು ಆಲಿಕಲ್ಲು ಬಿದ್ದ ಮೇಲೂ ಉಸಿರಾಡುತ್ತಿತ್ತು. ಗಾಳಿಗೆ ಮಾಡಲು ಉಳಿದ ಕೆಲಸ ಬಹಳ ಇರಲಿಲ್ಲ. ಎಲ್ಲರೂ ಆಚೆ ಬದಿಯಲ್ಲಿ ಕಾರು ಎತ್ತುತ್ತಿದ್ದರು. ನಾನು ಕಾಲಿನಿಂದ ಆ ತಗ್ಗಿಗೆ ಹಸಿ ಮಣ್ಣು ದೂಡಿದೆ, ಸುಟ್ಟ ಬೇರಿಗೂ ಟೊಳ್ಳಿನ ಬಾಯಿಗೂ ಅದನ್ನೇ ಮೆತ್ತಿದೆ, ಕಲ್ಲು ಎಳೆದು ಮುಚ್ಚಿದೆ. ಅಂದು ಮಾತ್ರ ನನಗೆ ದಣಿವಾಗಲಿಲ್ಲ.

ಎರಡು ಜೋಡಿ ಎತ್ತು ಕಟ್ಟಿ ಕಾರನ್ನು ರಾಯಚೂರಿಗೆ ಎಳೆದು ತಂದೆವು. ಸೂರನ್ನು ಹಾರೆಯಿಂದ ಒಂದಿಷ್ಟು ಮೇಲೆತ್ತಿ, ನಾನು ಒಳಗೆ ತಲೆ ತಗ್ಗಿಸಿ ಕೂತು ಸ್ಟೇರಿಂಗ್ ಹಿಡಿದಿದ್ದೆ. ದಾರಿಯ ಹಳ್ಳಿಯವರು ಹೊರಗೆ ಬಂದು ಮಜಾ ನೋಡಿದರು. ಒಬ್ಬ ಪುಣ್ಯಾತ್ಮ, ಎಷ್ಟು ಎಕರೆ ಹರಗುತ್ತೀ ಎಂದು ಕೇಳಿದ. ನಾನು ಅವನಿಗೆ ಬೈದೆ. ಎರಡು ದಿನದ ದಾರಿಯಲ್ಲಿ ಬಾಯಿಬಿಟ್ಟದ್ದು ಅಷ್ಟೇ.

ರಿಪೇರಿಗೆ ಸಾಮಾನು ಹೈದರಾಬಾದಿನಿಂದ ಬರಬೇಕಾಯಿತು. ಸಾವ್ಕಾರರು ಕಾರಿಗೆ ವಿಮೆ ಮಾಡಿಸಿದ್ದರು, ಅದರ ಕಂಪನಿಗೆ ಅರ್ಜಿ ಹಾಕಿದರು. ತಿಂಗಳಾದ ಮೇಲೆ ಜವಾಬು ಬಂತು. ನನಗೆ ಮದರಸೆಯ ಉರ್ದು ಚೆನ್ನಾಗಿ ಬರುತ್ತಿತ್ತು, ಕನ್ನಡ ಮನೆಯಲ್ಲಿ ಕಲಿತದ್ದು; ಇಂಗ್ಲಿಷು ಬಾರದು. ಗಿರಣಿಯ ಗುಮಾಸ್ತ ಓದಿ ಹೇಳಿದ. ಬಿರುಗಾಳಿ, ಪ್ರವಾಹ, ಸಿಡಿಲು ಇವೆಲ್ಲ ದೇವರು ಮಾಡುವ ಕೆಲಸ, ಅದಕ್ಕೆ ಕಂಪನಿ ಹೊಣೆಯಲ್ಲ ಎಂದು ಬರೆದಿದ್ದರು. ದೇವರ ಹೆಸರಿನಲ್ಲಿ ಕೈ ತೊಳೆದುಕೊಳ್ಳುವುದನ್ನು ಕಂಪನಿಯವರೂ ಕಲಿತಿದ್ದಾರಲ್ಲ ಎಂದು ಸಾವ್ಕಾರರು ನಕ್ಕರು. ಮರುದಿನ ಬಾಡಿಗೆ ಜಟಕಾದಲ್ಲಿ ದೇವದುರ್ಗಕ್ಕೆ ಹೊರಟರು, ನನ್ನನ್ನೂ ಕೂರಿಸಿಕೊಂಡರು.

ಪಂಚಾಯಿತಿ ಸೇರಿದ್ದು ಅದೇ ಕಟ್ಟೆಯ ಮೇಲೆ, ಉಳಿದ ಅರಳಿಯ ನೆರಳಿನಲ್ಲಿ. ಸಾವ್ಕಾರರು, ಅಡತಿಯವನು, ಗೌಡರು, ಓಣಿಯ ನಾಲ್ಕು ಹಿರಿಯರು. ಕಾರಿನ ಲುಕ್ಸಾನು ಯಾರು ತುಂಬಬೇಕು ಎಂಬುದು ಮಾತು. ಅಡತಿಯವನು ತನ್ನ ಜಾಗದಲ್ಲಿ ಕಾರು ನಿಂತಿರಲಿಲ್ಲ ಅಂದ. ಗೌಡರು, ಕಟ್ಟೆ ಊರಿನದು, ಊರು ಅಂದರೆ ಯಾರೂ ಅಲ್ಲ ಅಂದರು. ಸಾವ್ಕಾರರು ನನ್ನ ಕಡೆ ತಿರುಗಿದರು.

“ಗಿಡದ ಬುಡಕ ನಿಲ್ಸಿದಾವ ನೀನು. ಏನಂತಿ?”

“ನೀವ ಅಂದ್ರಿ, ಹತ್ತಿ ಹಂತ್ಯಾಕ ತರಬ್ಯಾಡ, ದೂರ ನಿಲ್ಲಿಸು ಅಂತ” ಎಂದೆ. ಅಷ್ಟು ಹೊತ್ತಿಗೆ ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿಬಿಟ್ಟಿದ್ದೆ, ಈ ನೌಕರಿ ಹೋದರೆ ಮನೆಯಲ್ಲಿ ಹೆಂಡತಿ, ತಾಯಿ, ಇಬ್ಬರು ತಂಗಿಯರು. ಸಾವ್ಕಾರರು ಎದ್ದು ಬಿದ್ದ ಬುಡದ ಸುತ್ತ ಒಂದು ಸುತ್ತು ಹಾಕಿದರು. ಮುಚ್ಚಿದ ತಗ್ಗಿನಲ್ಲಿ ಕೋಲು ಊರಿ ನಿಂತು ಓಣಿಯ ಕಡೆ ನೋಡಿದರು. ವಾಪಸು ಬಂದು ಕೂತರು, ನನ್ನನ್ನು ಮತ್ತೇನೂ ಕೇಳಲಿಲ್ಲ.

ಆಗ ಅಡತಿಯವನು ಅಡಿಕೆ ಜಗಿಯುತ್ತ ಒಂದು ಮಾತು ಬಿಟ್ಟ. “ಗಿಡ ಯಾರ್ದೂ ಅಲ್ಲ ಅಂದ್ರ ಹ್ಯಾಂಗ್ರೀ? ಹುಡುಗಿ ತಾಯಿ ಇನ್ನಾ ಜೀವಂತ ಅದಾಳಲ್ಲ.”

ನಗೆಗೆ ಹೇಳಿದ ಮಾತು. ಸುತ್ತ ನಿಂತ ನಾಲ್ಕು ಜನ ನಕ್ಕರು ಕೂಡ. ಆದರೆ ಓಣಿಯ ಹಿರಿಯರು ನಗಲಿಲ್ಲ. ಅವರಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ. ಒಬ್ಬ ಹೋಗಿ ಮುದುಕಿಯನ್ನು ಕರೆದು ತಂದ. ಅವಳು ಕಟ್ಟೆಯ ಕೆಳಗೆ ನಿಂತಳು. ಸಾವ್ಕಾರರು ಮೆತ್ತಗೆ, ತಮಾಷೆಗೋ ನಿಜಕ್ಕೋ ತಿಳಿಯದ ದನಿಯಲ್ಲಿ ಕೇಳಿದರು.

“ಯವ್ವಾ, ಈ ಬೇವು ನಿನ್ನ ಮಗಳೇನು?”

ನಾನು ಅವಳ ಮುಖ ನೋಡುತ್ತಿದ್ದೆ. ಅಲ್ಲ ಯಪ್ಪಾ, ಅದು ಗಿಡ, ಗಾಳಿಗೆ ಬಿತ್ತು ಎಂದರೆ ಮುಗಿದುಹೋಗುತ್ತಿತ್ತು. ಹಾಗೆ ಅನ್ನಲಿ ಎಂದು ಬೇಡಿಕೊಂಡೆ. ಆದರೆ ಅಷ್ಟು ದೊಡ್ಡವರು, ಅಷ್ಟು ಜನರ ಮುಂದೆ, ಅವಳನ್ನು ನೀನು ತಾಯಿಯೇನು ಎಂದು ಕೇಳಿದ್ದು ಅವಳ ಜನ್ಮದಲ್ಲಿ ಅದೇ ಮೊದಲು. ಅವಳು ಸೆರಗು ಸರಿಮಾಡಿಕೊಂಡಳು.

“ಹೌದ್ರೀ. ಅಕಿ ನನ್ನ ಮಗಳು.”

“ಅಕಿ ನನ್ನ ಕಾರು ಮುರದಾಳ.”

“ಹೌದ್ರೀ, ಮುರದಾಳ. ಮಕ್ಕಳು ಮಾಡಿದ ಲುಕ್ಸಾನ ತಾಯಿ ಅಲ್ದ ಯಾರು ಕೊಡಬೇಕು? ನಾ ಕೊಡ್ತೀನಿ.”

ಯಾರೂ ನಗಲಿಲ್ಲ. ಅಡತಿಯವನು ಉಗುಳಲು ಎದ್ದು ಹೋದ. ಅವಳ ಹತ್ತಿರ ಕೊಡಲು ಏನೂ ಇಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಬೇವಿನ ತೊಲೆಗಳಿಗೆ ಒಳ್ಳೆಯ ಬೆಲೆ ಬರುತ್ತದೆ, ಮರ ಕೊಟ್ಟುಬಿಡು, ಅಲ್ಲಿಗೆ ಚುಕ್ತಾ ಎಂದು ಗೌಡರು ದಾರಿ ತೋರಿಸಿದರು. ಅವಳು ಒಪ್ಪಲಿಲ್ಲ. ಮಗಳ ಎಲುಬು ಮಾರಿ ಸಾಲ ತೀರಿಸುವವಳಲ್ಲ ಅಂದಳು. ಆ ಮರವನ್ನು ಆಮೇಲೆ ಓಣಿಯವರು ತುಂಡು ಮಾಡಿ ಬಂಡಿಯಲ್ಲಿ ಒಯ್ದು ಕೃಷ್ಣೆಗೆ ಬಿಟ್ಟರು. ಕೊನೆಗೆ ಸಾವ್ಕಾರರು, ಎರಡು ಸುಗ್ಗಿ ಗಿರಣಿಯಲ್ಲಿ ದುಡಿ, ಹೊಟ್ಟೆಗೆ ಜೋಳ ಕೊಡುತ್ತೇನೆ, ಕೂಲಿ ಕಾರಿಗೆ ಜಮಾ ಅಂದರು. ದಯೆಯ ತೀರ್ಪು ಎಂದೇ ಎಲ್ಲರೂ ಹೊಗಳಿದರು. ನಾನೂ ತಲೆಯಾಡಿಸಿದೆ. ತಲೆಯಾಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ.

ಮುಂದಿನ ಸಂಕ್ರಾಂತಿ ಮುಗಿದ ಕೂಡಲೇ ಅವಳು ಒಂದು ಗಂಟು ಹೊತ್ತು ರಾಯಚೂರಿಗೆ ಬಂದಳು. ಗಿರಣಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಬೇರೆ ಊರಿನ ಕೂಲಿ ಹೆಂಗಸರ ಜೊತೆ ಇದ್ದಳು. ಕೆಲಸವೆಂದರೆ ರಾಶಿಯ ಮುಂದೆ ಕೂತು ಹತ್ತಿಯಲ್ಲಿನ ಎಲೆ, ಕಡ್ಡಿ, ಕೊಳೆತ ಕಾಯಿ ಆರಿಸಿ ತೆಗೆಯುವುದು. ನೋಡಲು ಹಗುರ. ಆದರೆ ಅಲ್ಲಿನ ಧೂಳು ಮೂಗಿಗೆ, ಕಣ್ಣಿಗೆ, ಎದೆಗೆ ಇಳಿಯುತ್ತದೆ. ಮೊದಲ ತಿಂಗಳಲ್ಲೇ ಅವಳಿಗೆ ಕೆಮ್ಮು ಹಿಡಿಯಿತು. ಹುಬ್ಬಿನ ಮೇಲೆ ಯಾವಾಗಲೂ ಅರಳೆ ಕೂತಿರುತ್ತಿತ್ತು.

ಕಾರು ನಿಲ್ಲುತ್ತಿದ್ದದ್ದು ಅದೇ ಗಿರಣಿಯ ಅಂಗಳದ ಹೊರಗೆ. ಬೆಳಿಗ್ಗೆ ನಾನು ಫ್ಯಾನು ತಿರುವುವ ಹೊತ್ತಿಗೆ ಅವಳು ಒಳಗೆ ಹೋಗುವ ಹೊತ್ತು. ದಿನವೂ ನಿಲ್ಲುತ್ತಿದ್ದಳು. ಕಾರಿನ ಹೊಸ ಸೂರನ್ನು, ಬಣ್ಣ ಕೂಡದ ಮೂಗನ್ನು ನೋಡುತ್ತಿದ್ದಳು.

“ಛಲೋ ನಡ್ಯಾಕತ್ತದೇನು ಯಪ್ಪಾ? ಮತ್ತೇನೂ ತ್ರಾಸ ಇಲ್ಲಲ್ಲ?”

“ಏನೂ ಇಲ್ಲ ಯವ್ವಾ.”

“ನಮ್ಮಕಿ ಭಾಳ ಬಿರುಸ ಬಿದ್ಲು” ಎನ್ನುತ್ತಿದ್ದಳು, ಮಗಳ ಪರವಾಗಿ ಮಾಫಿ ಕೇಳುವಂತೆ. ನಾನು ತಲೆ ಬಗ್ಗಿಸಿ ಫ್ಯಾನು ತಿರುವುತ್ತಿದ್ದೆ. ಒಂದು ಸುಗ್ಗಿ ಪೂರ್ತಿ ಇದನ್ನು ಕೇಳಿದೆ. ಮಳೆಗಾಲಕ್ಕೆ ಅವಳು ಊರಿಗೆ ಹೋದಾಗ ಪೀಡೆ ತೊಲಗಿತು ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಅಂದುಕೊಂಡದ್ದಕ್ಕೆ ನಾಚಿಕೆಯಾಯಿತು. ನಾಚಿಕೆಯಾದರೂ ಏನೂ ಮಾಡಲಿಲ್ಲ. ಎರಡನೆಯ ಸುಗ್ಗಿಗೆ ಮತ್ತೆ ಬಂದಳು, ಮೊದಲಿಗಿಂತ ಅರ್ಧ ಆಗಿದ್ದಳು. ಕಾರಿನ ಹತ್ತಿರ ಬಂದು ನಿಂತರೆ ಮೊದಲು ಕೆಮ್ಮು ಮುಗಿಸಿ ಆಮೇಲೆ ಅದೇ ಪ್ರಶ್ನೆ ಕೇಳುತ್ತಿದ್ದಳು. ನಾನು ರಾತ್ರಿಯ ಊಟ ಬಿಡುವಂತಾಯಿತು. ಧೈರ್ಯ ಬಂದು ಬಾಯಿಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಆ ಪ್ರಶ್ನೆಗೆ ದಿನವೂ ಉತ್ತರ ಹೇಳಿ ಹೇಳಿ ಸಾಕಾಗಿತ್ತು, ಅಷ್ಟೇ.

ಮಾನ್ವಿಯ ದಾರಿಯಲ್ಲಿ ಬೆಂಕಿ ಕೆದರಲು ಕಾರು ನಿಲ್ಲಿಸಿದ್ದೆ. ಸಾವ್ಕಾರರು ಒಳಗೆ ಕೂತೇ ಇದ್ದರು. ಕೈಯಲ್ಲಿ ಕಬ್ಬಿಣದ ಸಲಾಕಿ ಹಿಡಿದು ಕಿಟಕಿಯ ಹತ್ತಿರ ಹೋಗಿ ಎಲ್ಲ ಹೇಳಿದೆ. ಕೆಂಡ, ತಗ್ಗು, ತಾರದೆ ಹೋದ ನೀರು, ಮುಚ್ಚಿದ ಮಣ್ಣು. ತಪ್ಪು ನಂದು, ನನ್ನ ಪಗಾರದಲ್ಲಿ ಹಿಡಿದುಕೊಳ್ಳಿ, ಮುದುಕಿಯನ್ನು ಬಿಟ್ಟುಬಿಡಿ ಅಂದೆ. ಅವರು ಪೂರ್ತಿ ಕೇಳಿದರು. ಸಿಟ್ಟಾಗಲಿಲ್ಲ.

“ಗೊತ್ತದ” ಅಂದರು.

“ಏನ್ರೀ?”

“ಅವತ್ತ ಕೋಲು ಊರಿದ್ನಲ್ಲ, ತುದಿಗಿ ಇದ್ದಲಿ ಹತ್ತಿ ಬಂತು. ಗಿಡದ ಬುಡಕ ಇದ್ದಲಿ ಎಲ್ಲಿಂದ ಬರತದ? ಇದ್ದಲಿ ಕೆಲಸ ಮಾಡಾವ ಅಲ್ಲಿ ನೀ ಒಬ್ಬನ ಇದ್ದಿ.”

“ಮತ್ತ ಯಾಕ ಹೇಳಲಿಲ್ರೀ?”

ಅವರು ನನ್ನನ್ನು ದಡ್ಡನನ್ನು ನೋಡುವಂತೆ ನೋಡಿದರು. “ಹೇಳಿದ್ರ ನಿನ್ನ ಬಿಡಸಬೇಕಾಗ್ತಿತ್ತು, ಮಂದಿ ಮುಂದ. ಬಿಡಸಿದ್ರ ಈ ಬೆಂಕಿ ಡಬ್ಬಿ ಯಾರು ನಡಸಬೇಕು? ಇದ್ದ ಡ್ರೈವರ್ನೆಲ್ಲ ಮಿಲಿಟರಿಯವ್ರು ಕರ್ಕೊಂಡು ಹೋಗ್ಯಾರ. ಹತ್ತಿ ಆರಸಾಕ ಮುದುಕೇರು ಬೇಕಾದಷ್ಟು ಸಿಗ್ತಾರ.” ಇನ್ನೂ ಮೆತ್ತಗೆ ಅಂದರು, “ಊರ ಮುಂದ ಆದ ತೀರ್ಪು ಅದು. ಮುಗಿಯಾಕ ಬಂದದ. ಈಗ ತಗದ್ರ ನಿನ್ನ ಮಾನ ಹೋಗ್ತದ, ನಂದೂ ಹೋಗ್ತದ. ಫ್ಯಾನ್ ತಿರುವು, ಬೆಂಕಿ ಆರಾಕತ್ತದ.”

ನಾನು ಹಿಂದೆ ಹೋಗಿ ಫ್ಯಾನು ತಿರುವಿದೆ. ಆಗ ನನಗೆ ಏನನಿಸಿತು ಎಂದು ಬರೆಯಲೇಬೇಕು, ಇಲ್ಲದಿದ್ದರೆ ಇಷ್ಟು ಬರೆದದ್ದೂ ದಂಡ. ಸಿಟ್ಟು ಆಮೇಲೆ ಬಂತು. ದುಃಖವೂ ಆಮೇಲೆ ಬಂತು. ಮೊದಲು ಬಂದದ್ದು ನೆಮ್ಮದಿ. ನೌಕರಿ ಹೋಗುವುದಿಲ್ಲ. ಎರಡು ವರ್ಷದಿಂದ ಹೆದರಿದ್ದು ಸುಮ್ಮನೆ. ತೋಳು ಹಗುರಾಗಿ ಫ್ಯಾನು ತಾನೇ ತಿರುಗುತ್ತಿದೆ ಅನಿಸಿತು. ಮಾನ್ವಿಯಲ್ಲಿ ಹೊಟ್ಟೆ ತುಂಬ ಉಂಡೆ.

ಅದೇ ದಿನ ವಾಪಸು ಬಂದಾಗ ಗಿರಣಿಯ ಸಂಜೆಯ ಸಿಳ್ಳು ಆಗಿತ್ತು. ಹೆಂಗಸರು ಶೆಡ್ಡಿನ ಮುಂದೆ ಒಲೆ ಹೂಡುತ್ತಿದ್ದರು. ಅವಳು ಗೋಡೆಗೆ ಒರಗಿ ಕೂತು ತೋಳಿಗೆ ಹತ್ತಿದ ಅರಳೆ ಕೀಳುತ್ತಿದ್ದಳು. ನಾನು ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹೊಟ್ಟೆ ತುಂಬಿದವನಿಗೆ ಬರುವ ಧೈರ್ಯದಿಂದ, ಅವಳಿಗೂ ಹೇಳಿಬಿಟ್ಟೆ.

“ಯವ್ವಾ, ನಿನ್ನ ಮಗಳ ತಪ್ಪೇನೂ ಇಲ್ಲ. ನೀ ಇಲ್ಲದ ದಿವಸ ನಾ ಕೆಂಡದ ಮ್ಯಾಲ ನೀರು ಹಾಕಲಿಲ್ಲ. ಬೇರು ಒಳಗಿಂದೊಳಗ ಸುಟ್ಟುಹೋಗಿದ್ವು. ಅದಕ್ಕ ಬಿದ್ಲು.”

ಅವಳ ಕೈ ನಿಂತಿತು. ನಾನು ಬೈಗುಳಕ್ಕೆ ಕಾದೆ. ಎದ್ದು ಎರಡು ಏಟು ಹೊಡೆದಿದ್ದರೂ ತಡೆಯುತ್ತಿದ್ದೆ. ಅವಳು ಕೇಳಿದಳು.

“ಭಾಳ ದಿವಸದಿಂದ ಸುಡಾಕತ್ತಿತ್ತೇನು ಅಕಿಗಿ?”

“ಹೌದವ್ವಾ. ಎರಡು ಸುಗ್ಗಿ.”

“ಎಲಿ ಹಸರ ಇದ್ವಲ್ಲ” ಅಂದಳು. “ನನಗ ಗೊತ್ತ ಆಗಲಿಲ್ಲ.” ಅವಳು ಅಳಲಿಲ್ಲ. ತೋಳಿನ ಅರಳೆಯನ್ನು ಒಂದೊಂದೇ ಕಿತ್ತು ಮಡಿಲಲ್ಲಿ ಹಾಕಿಕೊಂಡಳು. ಕೆಮ್ಮು ಬಂತು, ಕೆಮ್ಮಿ ಮುಗಿಸಿದಳು. ಸಾವ್ಕಾರ್ರಿಗೆ ಹೇಳಿದೆಯಾ ಎಂದು ಕೇಳಿದಳು. ಹೇಳಿದ್ದೇನೆ, ಇವತ್ತೇ ಹೇಳಿದೆ ಎಂದೆ. ಆಗ ಅವಳು ಮೊದಲ ಸಲ ಮುಖವೆತ್ತಿ ನನ್ನನ್ನು ನೇರವಾಗಿ ನೋಡಿದಳು. ಆ ಮುಖದಲ್ಲಿ ಸಿಟ್ಟು ಇರಲಿಲ್ಲ. ಮನೆಗೆ ಹೋಗುವ ಆಸೆ ಇತ್ತು.

“ಹಂಗಾದ್ರ ನಾ ನಾಳಿಂದ ಕೆಲಸಕ್ಕ ಬರೋದು ಬ್ಯಾಡೇನು ಯಪ್ಪಾ?”

ಒಲೆಗಳು ಒಂದೊಂದಾಗಿ ಹೊತ್ತಿಕೊಂಡವು.

“ಬರಬೇಕವ್ವಾ” ಎಂದೆ.